ಏರಿನಲ್ಲಿ ಎಕ್ಸಲೇಟರ್ ಒತ್ತಿದರೆ ಕಟಕಟ, ಇಂಜಿನ್ ಇಳಿಸಲೇಬೇಕಾ?

ಆಲ್ದೂರು ಹುಡುಗ:

ಎಲ್ಲರಿಗೂ ನಮಸ್ಕಾರ. ಕಾರಿನ ವಿಷಯ ಗೊತ್ತಿರುವವರು ಸ್ವಲ್ಪ ಹೇಳಿ, ಎರಡು ತಿಂಗಳಿಂದ ತಲೆ ಕೆಟ್ಟು ಹೋಗಿದೆ.

ನನ್ನದು 2013ರ ಪೆಟ್ರೋಲ್ ಕಾರು. 1.2 ಲೀಟರ್, ನಾಲ್ಕು ಸಿಲಿಂಡರ್, ಮ್ಯಾನುವಲ್ ಗೇರ್. ಸೆಕೆಂಡ್ ಹ್ಯಾಂಡ್ ತಗೊಂಡದ್ದು, 94,000 ಕಿಲೋಮೀಟರ್ ಓಡಿದೆ. ದಿನಾ ಆಲ್ದೂರಿನಿಂದ ಚಿಕ್ಕಮಗಳೂರಿಗೆ ಹೋಗಿ ಬರುತ್ತೇನೆ. ಸಮ ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಏನೂ ಇಲ್ಲ. ಏರು ಬಂದು ಎಕ್ಸಲೇಟರ್ ಒತ್ತಿದೆ ಅಂದರೆ ಸಾಕು, ಮುಂದಿನಿಂದ ಕಟಕಟ ಅಂತ ಶುರು. ಕಾಲು ತೆಗೆದರೆ ಗಪ್‌ಚಿಪ್.

ಹೋದ ಭಾನುವಾರ ಮನೆಗೆ ಬಂದ ನೆಂಟರನ್ನು ಮುಳ್ಳಯ್ಯನಗಿರಿ ತೋರಿಸಲು ಕರೆದುಕೊಂಡು ಹೊರಟೆ, ನನ್ನನ್ನೂ ಸೇರಿಸಿ ಐದು ಜನ. ಕೈಮರ ದಾಟಿ ಏರು ಶುರುವಾದ ಮೇಲೆ ಶಬ್ದ ಎಷ್ಟು ಜೋರಾಯಿತು ಅಂದರೆ ಹಿಂದೆ ಕೂತಿದ್ದ ಭಾವ "ಇದು ಕಾರೋ ಅಕ್ಕಿ ಗಿರಣಿಯೋ" ಅಂದರು. ಅರ್ಧಕ್ಕೇ ವಾಪಸ್ ತಿರುಗಿಸಿದೆ. ಮರ್ಯಾದೆ ಹೋಯಿತು, ಅದು ಬೇರೆ ಮಾತು.

ಮಾರನೇ ದಿನ ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿ, ನಿಂತಲ್ಲೇ ಎರಡು ಸಲ ರೇಸ್ ಮಾಡಿ, ತಲೆ ಅಲ್ಲಾಡಿಸಿ "ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು, 45 ಸಾವಿರ ಇಟ್ಟುಕೊಳ್ಳಿ" ಅಂದರು. ಓಡಿಸಿ ನೋಡಲೇ ಇಲ್ಲ. ಈಗ ಕಾಫಿ ಕುಯ್ಲು ನಡೆಯುತ್ತಿದೆ, ವಾರಕ್ಕೊಮ್ಮೆ ಆಳುಗಳಿಗೆ ಬಟವಾಡೆ ಮಾಡಬೇಕು, ಈ ಹೊತ್ತಿನಲ್ಲಿ 45 ಸಾವಿರ ಎಲ್ಲಿಂದ ತರಲಿ? ನಿಜವಾಗಿ ಇಂಜಿನ್ನೇ ಹೋಗಿದೆಯಾ, ಅಥವಾ ಬೇರೆ ಏನಾದರೂ ಇರಬಹುದಾ?

ಫುಲ್ ಟ್ಯಾಂಕ್:

ಗುರು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ಎಲ್ಲ ಈ ಎಥನಾಲ್ ಪೆಟ್ರೋಲ್ ಕಾಟ. 95 ಆಕ್ಟೇನ್ ಪ್ರೀಮಿಯಂ ಹಾಕಿಸು, ಎರಡೇ ದಿನಕ್ಕೆ ಸದ್ದಿಲ್ಲದೆ ಓಡುತ್ತದೆ. ನನ್ನ ಬೈಕ್‌ಗೂ ಅದೇ ಹಾಕಿಸುತ್ತೇನೆ.

ಸ್ಪ್ಯಾನರ್ 12-13:

ಇಂಜಿನ್ ಇಳಿಸಬೇಡಿ. ಪ್ರೀಮಿಯಂ ಪೆಟ್ರೋಲನ್ನೂ ಈಗಲೇ ಹಾಕಿಸಬೇಡಿ.

ನಾನು ಹಾಸನದಲ್ಲಿ 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಗಾಡಿ ಓಡಿಸಿ ನೋಡದೆ ಬೇರಿಂಗ್ ಅಂತ ಹೇಳಿದರೆ ಆ ಮಾತನ್ನು ಅರ್ಧ ಮಾತ್ರ ನಂಬಿ. ನಿಮ್ಮ ಶಬ್ದ ಬರುವುದು ಇಂಜಿನ್ ಮೇಲೆ ಲೋಡ್ ಬಿದ್ದಾಗ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ರೇಸ್ ಮಾಡಿದರೆ ಲೋಡ್ ಎಲ್ಲಿಂದ ಬರಬೇಕು? ಅಲ್ಲಿ ಅವರಿಗೆ ಕೇಳಿಸಿದ್ದು ಟ್ಯಾಪೆಟ್ ಸದ್ದೋ ಇಂಜೆಕ್ಟರ್ ಟಿಕ್‌ಟಿಕ್ಕೋ ಇರಬೇಕು, ಅದು ಎಲ್ಲ ಗಾಡಿಯಲ್ಲೂ ಇರುತ್ತದೆ.

ಇನ್ನೊಂದು, ನೀವು ಬರೀ "ಕಟಕಟ" ಅಂತ ಬರೆದರೆ ನನಗೆ ಏನೂ ಗೊತ್ತಾಗುವುದಿಲ್ಲ. ಯಾವ ಕಟಕಟ? ತಗಡಿನ ಡಬ್ಬಿಗೆ ಒಣಗಿದ ಕಾಫಿ ಬೀಜ ಹಾಕಿ ಅಲ್ಲಾಡಿಸಿದ ಹಾಗೆ ತೆಳ್ಳಗೆ, ಕಿಣಿಕಿಣಿ ಅನ್ನುತ್ತದಾ? ಹಾಗಾದರೆ ಅದು ಪೆಟ್ರೋಲ್ ಉರಿಯುವುದರಲ್ಲಿನ ಗಲಾಟೆ, ನಿಜವಾಗಿ ನಾಕಿಂಗ್ ಅನ್ನುವುದು ಅದನ್ನೇ. ಒನಕೆಯಲ್ಲಿ ಕುಟ್ಟಿದ ಹಾಗೆ ಒಳಗಿನಿಂದ ದಪ್ಪಗೆ ಬರುತ್ತದಾ, ಇಂಜಿನ್ ಜೋರಾದ ಹಾಗೆ ಕುಟ್ಟುವುದೂ ಜೋರಾಗುತ್ತದಾ? ಆಗ ಪಿಸ್ಟನ್‌ಗೂ ಕ್ರ್ಯಾಂಕಿಗೂ ನಡುವಿನ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಬಗ್ಗೆ ಹೆದರಬೇಕು. ಕ್ಲಚ್ ಬಿಟ್ಟಾಗ ಧಡ್ ಅಂತ ಒಂದು ಏಟು, ಕಾಲು ತೆಗೆದಾಗ ಇನ್ನೊಂದು ಏಟು ಬಿದ್ದರೆ ಇಂಜಿನ್ ಮೌಂಟಿಂಗ್, ಅಂದರೆ ಇಂಜಿನ್ ಅನ್ನು ಬಾಡಿಗೆ ಹಿಡಿದಿಡುವ ರಬ್ಬರ್ ಇರುವ ಕೊಂಡಿ. ತಗಡು ನಡುಗಿದ ಹಾಗೆ ಝರ್ ಅಂದರೆ ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್ ಸಡಿಲ ಆಗಿರುತ್ತದೆ, ಅದಕ್ಕೆ ಒಂದು ಕ್ಲಿಪ್ ಹಾಕಿದರೆ ಮುಗಿಯಿತು.

ಮನೆಯಲ್ಲೇ ನೋಡಬಹುದಾದದ್ದು ಹೇಳುತ್ತೇನೆ. ಮೊದಲು ಆಯಿಲ್ ಸ್ಟಿಕ್ ಎಳೆದು ನೋಡಿ. ಲೆವೆಲ್ ಎಷ್ಟಿದೆ ನೋಡಿ, ಆಮೇಲೆ ಬಿಳಿ ಬಟ್ಟೆಗೆ ಒರೆಸಿ ಬಿಸಿಲಿಗೆ ಹಿಡಿದು ನೋಡಿ, ಮಿಣಮಿಣ ಅನ್ನುವ ಪುಡಿ ಇದೆಯಾ ಅಂತ. ಕೆಲವರು ಅಯಸ್ಕಾಂತ ಹಿಡಿದು "ಏನೂ ಅಂಟಲಿಲ್ಲ, ಬೇರಿಂಗ್ ಚೆನ್ನಾಗಿದೆ" ಅನ್ನುತ್ತಾರೆ. ಬೇರಿಂಗ್ ಮೇಲಿರುವ ಪದರ ಅಲ್ಯೂಮಿನಿಯಂ ಅಥವಾ ತಾಮ್ರದ ಜಾತಿಯದ್ದು, ಅದು ಅಯಸ್ಕಾಂತಕ್ಕೆ ಯಾಕೆ ಅಂಟುತ್ತದೆ? ಕಣ್ಣಿನಲ್ಲೇ ನೋಡಬೇಕು.

ಆಮೇಲೆ ನಿಂತಲ್ಲೇ, ಇಂಜಿನ್ ಬಿಸಿಯಾದ ಮೇಲೆ, ನಿಧಾನಕ್ಕೆ 2,500-3,000 ಆರ್‌ಪಿಎಂ ತನಕ ಏರಿಸಿ, ತಟ್ಟನೆ ಬಿಡಿ. ರಾಡ್ ಬೇರಿಂಗ್ ಸವೆದಿದ್ದರೆ ಸಾಮಾನ್ಯವಾಗಿ ಇಲ್ಲೂ, ಅದರಲ್ಲೂ ಬಿಡುವಾಗ, ಕುಟ್ಟುವುದು ಕೇಳುತ್ತದೆ. ಇಲ್ಲಿ ಗಪ್‌ಚಿಪ್ ಇದ್ದು ಏರಿನಲ್ಲಿ ಮಾತ್ರ ಬಂದರೆ ನಿಮ್ಮ 45 ಸಾವಿರ ಉಳಿಯುವ ಲಕ್ಷಣ.

ಮೂರನೆಯದು ಮುಖ್ಯ. ಅದೇ ಏರು, ಅದೇ ಸ್ಪೀಡು. ಒಂದು ಸಲ ಮೂರನೇ ಗೇರಿನಲ್ಲಿ ಹೋಗಿ, ಇನ್ನೊಂದು ಸಲ ಎರಡನೇ ಗೇರಿನಲ್ಲಿ. ಶಬ್ದ ಏನಾಯಿತು ಅಂತ ಬಂದು ಬರೆಯಿರಿ.

ಮೂಡಿಗೆರೆ ಟೀಚರ್:

ಚಕ್ರ ತಿರುಗಿಸುವ ಆಕ್ಸಲ್ ನೋಡಿಸಿ. ನನ್ನ ಕಾರಿನಲ್ಲೂ ಹೀಗೇ ಎಳೆಯುವಾಗ ಕಟ್ ಕಟ್ ಅನ್ನುತ್ತಿತ್ತು, ನಾನೂ ಇಂಜಿನ್ ಅಂತಲೇ ಹೆದರಿದ್ದೆ. ಕೊನೆಗೆ ನೋಡಿದರೆ ಚಕ್ರದ ಹತ್ತಿರ ಇರುವ ರಬ್ಬರ್ ಬೂಟ್ ಹರಿದು, ಗ್ರೀಸ್ ಎಲ್ಲ ಹೊರಗೆ ಎರಚಿ, ಒಳಗೆ ಮಣ್ಣು ತುಂಬಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ರಸ್ತೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಳೆದಾಗ ಜಾಸ್ತಿ ಬಂದರೆ ಅದೇ.

ಸ್ಪ್ಯಾನರ್ 12-13:

ಮೇಡಂ ಹೇಳಿದ್ದು ಸರಿ, ನಾನು ಬರೆಯಲು ಮರೆತೆ. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಎರಡು ಸುತ್ತು, ಬಲಕ್ಕೆ ಎರಡು ಸುತ್ತು. ಇನ್ನೊಂದು ಗುರುತು ಇದೆ. ಅದೇ ಸ್ಪೀಡಿನಲ್ಲಿ ಗೇರ್ ಬದಲಿಸಿದರೂ ಕಟ್ ಕಟ್ ಲಯ ಬದಲಾಗದಿದ್ದರೆ ಅದು ಚಕ್ರದ ಜೊತೆ ತಿರುಗುವ ಸಾಮಾನಿನದ್ದು. ಗೇರ್ ಬದಲಿಸಿದ ಕೂಡಲೇ ಲಯ ಬದಲಾದರೆ ಇಂಜಿನ್ ಜೊತೆ ಹೋಗುವ ಸದ್ದು. ಇಷ್ಟು ಗಮನ ಇಟ್ಟು ಕೇಳಿದರೆ ಅರ್ಧ ರಿಪೇರಿ ಆದ ಹಾಗೆ.

ಹಳೇ ಜೀಪು:

ಹುಡುಗರೆಲ್ಲ ಮಾತಾಡುತ್ತಿದ್ದೀರಿ, ನಾನೂ ಒಂದು ಹೇಳುತ್ತೇನೆ. ನಮ್ಮ ತಂದೆಯವರ ಹತ್ತಿರ ಪೆಟ್ರೋಲ್ ವಿಲ್ಲಿಸ್ ಜೀಪು ಇತ್ತು. ಮಂಗಳೂರಿಗೆ ಹೋಗಿ ಚಾರ್ಮಾಡಿ ಘಾಟಿ ಹತ್ತಿ ಬರುವಾಗ ಘಾಟಿಯ ಬುಡದಲ್ಲೇ ಕಿಣಿಕಿಣಿ ಅನ್ನಲು ಶುರುವಾದರೆ ತಂದೆಯವರು ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ನಟ್ಟು ಸಡಿಲಿಸಿ ಕೈಯಲ್ಲೇ ಒಂದು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಶಬ್ದ ನಿಲ್ಲುತ್ತಿತ್ತು. ಟೈಮಿಂಗ್ ಹಿಂದೆ ಹಾಕುವುದು ಅಂತಿದ್ದರು, ಅಂದರೆ ಕಿಡಿ ಸ್ವಲ್ಪ ತಡವಾಗಿ ಹಾರುವ ಹಾಗೆ ಮಾಡುವುದು. ತಮಾಷೆ ಅಂದರೆ ಘಾಟಿ ಮೇಲಿನ ಕೊಟ್ಟಿಗೆಹಾರದ ಹತ್ತಿರ ಬರುವಷ್ಟರಲ್ಲಿ ತಿರುಗಿಸದೇ ಇದ್ದ ದಿನವೂ ಸದ್ದು ಕಡಿಮೆಯಾಗಿರುತ್ತಿತ್ತು. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು, ನಾಕಿಂಗ್ ಬರಬಾರದು ಅಂತಲೇ. ಅದು ನಮ್ಮ ದೇಶದಲ್ಲಿ ಪೂರ್ತಿ ನಿಂತದ್ದು 2000ದಲ್ಲಿ.

ಈಗಿನ ಕಾರಿನಲ್ಲಿ ತಿರುಗಿಸಲು ಡಿಸ್ಟ್ರಿಬ್ಯೂಟರ್ರೇ ಇಲ್ಲ. ಬಾನೆಟ್ ಎತ್ತಿದರೆ ಬರೀ ಪ್ಲಾಸ್ಟಿಕ್ ಮುಚ್ಚಳ.

ಸ್ಪ್ಯಾನರ್ 12-13:

ರಾಯರೇ, ನಿಮ್ಮ ಮಾತಿನಲ್ಲೇ ಈ ಹುಡುಗನಿಗೆ ಉತ್ತರ ಇದೆ ನೋಡಿ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಸ್ಟನ್ ಮೇಲೆ ಬಂದು ಮುಟ್ಟುವುದಕ್ಕೆ ಒಂಚೂರು ಮುಂಚೆ ಪ್ಲಗ್ ಕಿಡಿ ಹಾರಿಸುತ್ತದೆ. ಬೆಂಕಿ ಅಲ್ಲಿಂದ ಶುರುವಾಗಿ ಹುಲ್ಲಿಗೆ ಬೆಂಕಿ ಹತ್ತಿದ ಹಾಗೆ ಒಂದು ಕಡೆಯಿಂದ ಉರಿದುಕೊಂಡು ಹೋಗಬೇಕು. ಒಳಗೆ ಬಿಸಿಯೂ ಒತ್ತಡವೂ ಜಾಸ್ತಿಯಾದರೆ ಬೆಂಕಿ ಇನ್ನೂ ಮುಟ್ಟದೆ ಇರುವ ಮೂಲೆಯಲ್ಲಿ ಗಾಳಿ ಪೆಟ್ರೋಲ್ ತಾನಾಗಿಯೇ ಧಗ್ ಅಂತ ಹತ್ತಿಕೊಳ್ಳುತ್ತದೆ. ಆಗ ಒತ್ತಡದ ಅಲೆ ಸಿಲಿಂಡರ್ ಗೋಡೆಗೆ ಬಡಿದು ಲೋಹ ಕಿಣಿಕಿಣಿ ಅನ್ನುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಮೇಲಿನ ಗೇರ್ ಹಾಕಿ ಎಳೆಸಿದರೆ ಹೀಗಾಗುವುದು ಜಾಸ್ತಿ. ಪಿಸ್ಟನ್ ನಿಧಾನ ಇರುತ್ತದೆ, ಆ ಮೂಲೆಯ ಪೆಟ್ರೋಲಿಗೆ ಬೇಯಲು ಬೇಕಾದಷ್ಟು ಸಮಯ ಸಿಗುತ್ತದೆ. ಆಕ್ಟೇನ್ ಅಂದರೆ ಹೀಗೆ ತಾನಾಗಿ ಹತ್ತಿಕೊಳ್ಳದೆ ತಡೆದುಕೊಳ್ಳುವ ಶಕ್ತಿ, ಅಷ್ಟೇ. ಅದಕ್ಕೂ ಪಿಕಪ್‌ಗೂ ನೇರ ಸಂಬಂಧ ಇಲ್ಲ. ಈಗಿನ ಎಷ್ಟೋ ಗಾಡಿಗಳಲ್ಲಿ ಬ್ಲಾಕ್‌ಗೆ ಒಂದು ನಾಕ್ ಸೆನ್ಸರ್ ಬಿಗಿದಿರುತ್ತಾರೆ. ಅದು ಈ ಕಿಣಿಕಿಣಿ ಕೇಳಿಸಿಕೊಂಡು ಕಂಪ್ಯೂಟರ್‌ಗೆ ಹೇಳುತ್ತದೆ, ಕಂಪ್ಯೂಟರ್ ಕಿಡಿಯನ್ನು ಹಿಂದೆ ಹಾಕುತ್ತದೆ. ರಾಯರ ತಂದೆ ಕೈಯಲ್ಲಿ ಮಾಡುತ್ತಿದ್ದ ಕೆಲಸವೇ.

ಈಗ ಚಾರ್ಮಾಡಿ ವಿಷಯ. ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ. ಸಿಲಿಂಡರ್ ಒಳಗೆ ಹೋಗುವ ಗಾಳಿ ಕಡಿಮೆ, ಒತ್ತಡ ಕಡಿಮೆ, ಅದಕ್ಕೇ ನಾಕಿಂಗೂ ಕಡಿಮೆ. ಘಾಟಿ ಮೇಲೆ ತಣ್ಣಗೂ ಇರುತ್ತದೆ. ನಮ್ಮ ಹುಡುಗನ ಗಾಡಿ ಏನು ಮಾಡಿತು? ಚಿಕ್ಕಮಗಳೂರೇ ಸಮುದ್ರ ಮಟ್ಟದಿಂದ 1,000 ಮೀಟರ್ ಮೇಲಿದೆ, ಮುಳ್ಳಯ್ಯನಗಿರಿ ತುದಿ 1,900 ಮೀಟರ್ ದಾಟುತ್ತದೆ. ಕೈಮರದಿಂದ ಮೇಲೆ ಹೋದಂತೆ ಕಿಣಿಕಿಣಿ ಕಡಿಮೆಯಾಗಬೇಕಿತ್ತು, ಇವರದ್ದು ಜೋರಾಗಿದೆ. ಅದೂ ಆ ರಸ್ತೆಯಲ್ಲಿ ಐದು ಜನ ಕೂತು ಮೂರನೇ ಗೇರ್ ಹಾಕಲು ಆಗುವುದಿಲ್ಲ, ಒಂದು ಎರಡರಲ್ಲೇ ಹೋಗಿರಬೇಕು. ಕೆಳಗಿನ ಗೇರಿನಲ್ಲಿ ಎಳೆದಷ್ಟೂ ಇಂಜಿನ್ ತಿರುಚಿಕೊಳ್ಳುವುದು ಜಾಸ್ತಿ, ಆ ಏಟನ್ನೆಲ್ಲ ತಿನ್ನುವುದು ಮೌಂಟಿಂಗ್. ನನ್ನ ಗುಮಾನಿ ಈಗ ಆ ಕಡೆ ಇದೆ.

ಎಥನಾಲ್ ಬಗ್ಗೆ ಒಂದು ಮಾತು, ಫುಲ್ ಟ್ಯಾಂಕ್ ಅವರೇ ಬೇಜಾರು ಮಾಡಿಕೊಳ್ಳಬೇಡಿ. ಎಥನಾಲ್‌ನ ಆಕ್ಟೇನ್ 100ಕ್ಕಿಂತ ಮೇಲೆ. ಅದು ಸೇರಿದರೆ ನಾಕಿಂಗ್ ತಡೆಯುವ ಶಕ್ತಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮೈಲೇಜ್ ಬಿತ್ತು ಅಂತ ಬೈಯಿರಿ, ಒಪ್ಪುತ್ತೇನೆ, ಯಾಕೆಂದರೆ ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಳೇ ಗಾಡಿಯ ರಬ್ಬರ್ ಪೈಪ್ ಹಾಳಾಗುತ್ತದೆ ಅಂದರೂ ಒಪ್ಪುತ್ತೇನೆ. ಕಟಕಟ ಅದರ ತಲೆಗೆ ಕಟ್ಟಬೇಡಿ.

ಫುಲ್ ಟ್ಯಾಂಕ್:

ಸರಿ ಸಾರ್, ಒಪ್ಪಿದೆ. ಆದರೂ ಪ್ರೀಮಿಯಂ ಹಾಕಿದ ಮೇಲೆ ನನ್ನ ಬೈಕ್ ಸ್ಮೂತ್ ಆಗಿದ್ದಂತೂ ನಿಜ.

ಸ್ಪ್ಯಾನರ್ 12-13:

ದುಡ್ಡು ಜಾಸ್ತಿ ಕೊಟ್ಟಾಗ ಎಲ್ಲವೂ ಸ್ಮೂತ್ ಅನ್ನಿಸುತ್ತದೆ.

ಆಲ್ದೂರು ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಎಲ್ಲ ಮಾಡಿ ನೋಡಿದೆ, ಒಂದೊಂದಾಗಿ ಬರೆಯುತ್ತೇನೆ.

ಆಯಿಲ್ ಲೆವೆಲ್ ಕೆಳಗಿನ ಗುರುತಿಗಿಂತ ಒಂದು ಕೂದಲು ಮೇಲೆ. ಕಪ್ಪಗಿದೆ. ಬಟ್ಟೆಗೆ ಒರೆಸಿ ಬಿಸಿಲಿಗೆ ಹಿಡಿದೆ, ಹೊಳೆಯುವ ಪುಡಿ ಏನೂ ಕಾಣಲಿಲ್ಲ. ನಿಂತಲ್ಲೇ 3,000 ತನಕ ಏರಿಸಿ ಬಿಟ್ಟೆ, ಏನೂ ಇಲ್ಲ. ಐದಾರು ಸಲ ಮಾಡಿದೆ, ಪಕ್ಕದ ಮನೆಯವರು ಬಂದು ಏನಾಯಿತು ಅಂತ ಕೇಳಿದರು. ಮೈದಾನದಲ್ಲಿ ಎರಡೂ ಕಡೆ ಸುತ್ತು ಹಾಕಿದೆ, ಕಟ್ ಕಟ್ ಇಲ್ಲ. ಬಗ್ಗಿ ನೋಡಿದೆ, ರಬ್ಬರ್ ಬೂಟ್ ಎರಡೂ ಗಟ್ಟಿ ಇವೆ.

ಇನ್ನು ಏರಿನ ವಿಷಯ. ಮೂರನೇ ಗೇರಿನಲ್ಲಿ 35ರ ಸ್ಪೀಡಿನಲ್ಲಿ ಒತ್ತಿದೆ. ನೀವು ಹೇಳಿದ ಕಾಫಿ ಬೀಜದ ಡಬ್ಬಿ ಸದ್ದು ಇದೆ! ಇಷ್ಟು ದಿನ ಅದನ್ನು ಬೇರೆಯಾಗಿ ಕೇಳಿಸಿಕೊಂಡೇ ಇರಲಿಲ್ಲ. ಎರಡನೇ ಗೇರ್ ಹಾಕಿದೆ, ಡಬ್ಬಿ ಸದ್ದು ಪೂರ್ತಿ ಹೋಯಿತು. ಆದರೆ ಕೆಳಗಿನಿಂದ, ಕಾಲಿನ ಹತ್ತಿರದಿಂದ, ಡಗ ಡಗ ಅಂತ ದಪ್ಪ ಸದ್ದು ಉಳಿಯಿತು. ಅದು ಕಾಲಿಗೂ ತಾಗುತ್ತದೆ, ಚಪ್ಪಲಿ ಒಳಗೆ ಗೊತ್ತಾಗುತ್ತದೆ. ಅಂದರೆ ಎರಡು ಬೇರೆ ಬೇರೆ ಶಬ್ದ ಸಾರ್. ನಾನು ಎರಡನ್ನೂ ಸೇರಿಸಿ ಒಂದೇ ಕಟಕಟ ಅಂದುಕೊಂಡಿದ್ದೆ.

ಸ್ಪ್ಯಾನರ್ 12-13:

ಶಭಾಷ್. ಕಾಲಿಗೆ ತಾಗುತ್ತದೆ ಅಂದಿರಲ್ಲ, ಅದು ಸಾಕು.

ಈಗ ಮೌಂಟಿಂಗ್ ನೋಡುವ ಕ್ರಮ. ಸಮ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಡ್ರೈವಿಂಗ್ ಚೆನ್ನಾಗಿ ಗೊತ್ತಿರುವವರು ಒಬ್ಬರು ಕೂತು ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡೇ ಒಂದನೇ ಗೇರ್ ಹಾಕಿ, ಕ್ಲಚ್ ಒಂಚೂರು ಕಚ್ಚುವ ತನಕ ಬಿಟ್ಟು ಮತ್ತೆ ಒತ್ತಲಿ. ನೀವು ಬಾನೆಟ್ ಎತ್ತಿ ಪಕ್ಕದಲ್ಲಿ ನಿಂತು ನೋಡಿ. ಪಕ್ಕದಲ್ಲಿ ಅಂದೆ, ಗಾಡಿ ಮುಂದೆ ನಿಲ್ಲಬೇಡಿ ಮಾರಾಯ್ರೆ, ಕ್ಲಚ್ ಕಾಲು ಜಾರಿದರೆ ಗೋಡೆಗೂ ಬಂಪರ್‌ಗೂ ನಡುವೆ ನೀವೇ ಮೌಂಟಿಂಗ್ ಆಗುತ್ತೀರಿ. ಆಮೇಲೆ ರಿವರ್ಸ್ ಗೇರಿನಲ್ಲಿ ಅದೇ. ಇಂಜಿನ್ ಸ್ವಲ್ಪ ಅಲ್ಲಾಡುವುದು ಸಹಜ. ಎರಡು ಬೆರಳು ಅಗಲ ಎದ್ದು ಕೂತರೆ ರಬ್ಬರ್ ಹರಿದಿದೆ ಅಂತ ಅರ್ಥ.

ಇಂಜಿನ್ ಆರಿಸಿ, ಸೈಲೆನ್ಸರ್ ತಣ್ಣಗಾದ ಮೇಲೆ ಕೆಳಗೆ ಟಾರ್ಚ್ ಹಾಕಿ ಮುಂದಿನ ಪೈಪ್ ನೋಡಿ. ಎಲ್ಲಾದರೂ ತುಕ್ಕು ಇಲ್ಲದೆ ಉಜ್ಜಿ ಹೊಳೆಯುವ ಜಾಗ ಇದೆಯಾ? ಜಾಕ್ ಕೊಟ್ಟು ಅದರ ಕೆಳಗೆ ಮಾತ್ರ ಹೋಗಬೇಡಿ.

ಆಲ್ದೂರು ಹುಡುಗ:

ಸಾರ್! ತಮ್ಮನನ್ನು ಕೂರಿಸಿ ಮಾಡಿದೆ. ಕ್ಲಚ್ ಕಚ್ಚಿದ ಕೂಡಲೇ ಇಂಜಿನ್ ಮುಂದಿನ ಕಡೆ ಎದ್ದು ಹಿಂದಕ್ಕೆ ವಾಲುತ್ತದೆ, ಬಿಟ್ಟರೆ ಧಡ್ ಅಂತ ಬೀಳುತ್ತದೆ. ಮಲಗಿದ್ದ ಎಮ್ಮೆ ಎದ್ದ ಹಾಗೆ. ಕೆಳಗೆ ಟಾರ್ಚ್ ಹಾಕಿದರೆ ಸೈಲೆನ್ಸರ್ ಮುಂದಿನ ಪೈಪ್ ಮೇಲೆ ಹೆಬ್ಬೆರಳು ಗಾತ್ರದ ಜಾಗ ಬೆಳ್ಳಿ ಹಾಗೆ ಹೊಳೆಯುತ್ತಿದೆ, ಅದರ ಎದುರಿಗೆ ಅಡ್ಡ ಇರುವ ಕಬ್ಬಿಣದ ಪಟ್ಟಿಯ ಮೇಲೂ ಅಷ್ಟೇ ಗಾತ್ರದ ಕಲೆ. ಎರಡೂ ಬಡಿದುಕೊಳ್ಳುತ್ತಿವೆ. ಫೋಟೋ ಹಾಕಿದ್ದೇನೆ.

ಸ್ಪ್ಯಾನರ್ 12-13:

ಹಿಂದಿನ ಮೌಂಟಿಂಗ್. ನಿಮ್ಮ ಫೋಟೋದಲ್ಲೇ ರಬ್ಬರ್ ಬಾಯಿ ಬಿಟ್ಟಿರುವುದು ಕಾಣುತ್ತಿದೆ. ಹಾಕಿಸುವಾಗ ಉಳಿದ ಎರಡನ್ನೂ ನೋಡಲು ಹೇಳಿ. ಒಂದು ಹರಿದರೆ ಅದರ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ.

ಕಾಫಿ ಬೀಜದ ಸದ್ದು ಬೇರೆ ಕೇಸು. ಕೂಲೆಂಟ್ ಲೆವೆಲ್ ನೋಡಿ, ಇಂಜಿನ್ ಬಿಸಿ ಜಾಸ್ತಿಯಾದರೂ ನಾಕಿಂಗ್ ಬರುತ್ತದೆ. ಪ್ಲಗ್ ನಾಲ್ಕೂ ಬಿಚ್ಚಿ ಬಣ್ಣ ನೋಡಿಸಿ. ಬಿಳಿ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಚುಕ್ಕೆ ಇದ್ದರೆ ನಾಕಿಂಗ್ ಜೋರಾಗಿಯೇ ನಡೆದಿದೆ ಅಂತ. ಸ್ಕ್ಯಾನರ್ ಹಾಕಿ ನಾಕ್ ಸೆನ್ಸರ್ ಕೆಟ್ಟಿದೆ ಅನ್ನುವ ಕೋಡ್ ಇದೆಯಾ ಅಂತಲೂ ನೋಡಿಸಿ. ಇದೆಲ್ಲ ಆದ ಮೇಲೆ ಒಂದೇ ಒಂದು ಟ್ಯಾಂಕ್ 95 ಆಕ್ಟೇನ್ ಹಾಕಿ ಓಡಿಸಿ. ಔಷಧಿ ಅಂತ ಅಲ್ಲ, ಪರೀಕ್ಷೆಗೆ. ಅದರಲ್ಲಿ ಸದ್ದು ಕಡಿಮೆಯಾದರೆ ಅದು ನಾಕಿಂಗೇ ಅಂತ ಖಾತ್ರಿ.

ಫುಲ್ ಟ್ಯಾಂಕ್:

ನಾನು ಮೊದಲೇ ಹೇಳಿದ್ದೆ ಅಲ್ವಾ!

ಆಲ್ದೂರು ಹುಡುಗ:

ಹತ್ತು ದಿನ ಆಯಿತು, ಕುಯ್ಲಿನ ಗಡಿಬಿಡಿಯಲ್ಲಿ ಬರೆಯಲು ಆಗಿರಲಿಲ್ಲ. ಬೇರೆ ಗ್ಯಾರೇಜಿಗೆ ಹೋಗಿ ನೇರವಾಗಿ "ಹಿಂದಿನ ಮೌಂಟಿಂಗ್ ಹಾಕಿ" ಅಂದೆ. ಹಳೆಯದನ್ನು ಬಿಚ್ಚಿ ಕೈಗೆ ಕೊಟ್ಟರು. ನಡುವಿನ ರಬ್ಬರ್ ಪೂರ್ತಿ ಕಿತ್ತು ಬಂದು, ಒಳಗಿನ ಉಕ್ಕಿನ ಬುಷ್ ಬೆರಳಲ್ಲಿ ತಿರುಗಿಸಿದರೆ ಸುಮ್ನೆ ತಿರುಗುತ್ತಿತ್ತು. ಸಾಮಾನಿಗೆ 1,650, ಕೂಲಿ 500. ಆಯಿಲ್ ಫಿಲ್ಟರ್ ಬದಲಿಸಿದ್ದು ಬೇರೆ. ಡಗ ಡಗ ಪೂರ್ತಿ ನಿಂತಿದೆ.

ಕೂಲೆಂಟ್ ಕೆಳಗಿನ ಗುರುತಿಗಿಂತಲೂ ಕಡಿಮೆ ಇತ್ತು, ಅದೂ ಬರೀ ನೀರು. ಹಳೇ ಓನರ್ ಬರೀ ನಲ್ಲಿಯ ನೀರು ತುಂಬಿಸಿಕೊಂಡು ಓಡಿಸಿದ್ದಾರೆ ಅನ್ನಿಸುತ್ತದೆ. ಖಾಲಿ ಮಾಡಿಸಿ ಸರಿಯಾದ ಕೂಲೆಂಟ್ ಹಾಕಿಸಿದೆ. ಪ್ಲಗ್‌ನಲ್ಲಿ ಒಂದೆರಡು ಮೆಣಸಿನ ಚುಕ್ಕೆ ಇದ್ದವು, ನಾಲ್ಕೂ ಬದಲಿಸಿದರು. ಸ್ಕ್ಯಾನರ್‌ನಲ್ಲಿ ಕೋಡ್ ಏನೂ ಬರಲಿಲ್ಲ. ಒಂದು ಟ್ಯಾಂಕ್ 95 ಹಾಕಿದಾಗ ಡಬ್ಬಿ ಸದ್ದು ಮುಕ್ಕಾಲು ಪಾಲು ಹೋಯಿತು. ಈಗ ಮಾಮೂಲಿ ಪೆಟ್ರೋಲ್‌ಗೆ ವಾಪಸ್ ಬಂದಿದ್ದೇನೆ. ಬೆಳಿಗ್ಗೆ ತಂಪಿನಲ್ಲಿ ಇಲ್ಲ, ಮಧ್ಯಾಹ್ನ ಬಿಸಿಲಿನಲ್ಲಿ ಮೂರನೇ ಗೇರಿನಲ್ಲಿ ಎಳೆಸಿದರೆ ಸ್ವಲ್ಪ ಕಿಣಿ ಅನ್ನುತ್ತದೆ. ಇದಕ್ಕೆ ಏನು ಮಾಡಲಿ?

ಸ್ಪ್ಯಾನರ್ 12-13:

ಎರಡನೇ ಗೇರ್ ಹಾಕಿ. ಏರಿನಲ್ಲಿ ಗೇರ್ ಇಳಿಸಲು ಬೇಜಾರು ಪಡುವುದು ನಮ್ಮ ಕಡೆಯ ಡ್ರೈವರ್‌ಗಳ ದೊಡ್ಡ ರೋಗ, ಪೆಟ್ರೋಲ್ ಉಳಿಯುತ್ತದೆ ಅಂದುಕೊಳ್ಳುತ್ತಾರೆ. 94 ಸಾವಿರ ಓಡಿದ ಇಂಜಿನ್ ಒಳಗೆ ಕಾರ್ಬನ್ ಕಟ್ಟಿರುತ್ತದೆ. ಪಿಸ್ಟನ್ ತಲೆ ಮೇಲೆ ಅದು ಕೂತರೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ, ಕೆಂಡದ ಹಾಗೆ ಬಿಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಂದು ತಿಂಗಳು ಸರಿಯಾದ ಗೇರಿನಲ್ಲಿ ಓಡಿಸಿ, ಆಗಲೂ ಹೋಗದಿದ್ದರೆ ಹಾಸನಕ್ಕೆ ತನ್ನಿ, ಕಾರ್ಬನ್ ತೆಗೆಸುವ ಬಗ್ಗೆ ನೋಡೋಣ. ಅಲ್ಲಿಯ ತನಕ ಯಾರಾದರೂ ಇಂಜಿನ್ ಇಳಿಸಬೇಕು ಅಂದರೆ ಕೀ ಕೊಡಬೇಡಿ.

ಹಳೇ ಜೀಪು:

ಘಾಟಿ ಮೇಲೆ ಗಾಳಿ ತೆಳು ಅಂತ ಮೊದಲೇ ಗೊತ್ತಿದ್ದರೆ ತಂದೆಯವರು ಮಳೆಯಲ್ಲಿ ಬಾನೆಟ್ ಎತ್ತಿಕೊಂಡು ನಿಲ್ಲುತ್ತಿರಲಿಲ್ಲವೇನೋ. ನಾನು ಕೊಡೆ ಹಿಡಿಯಬೇಕಿತ್ತು.

ಆಲ್ದೂರು ಹುಡುಗ:

ಸರಿ ಸಾರ್, ಹಾಗೇ ಮಾಡುತ್ತೇನೆ. ಭಾವ ಮುಂದಿನ ತಿಂಗಳು ಮತ್ತೆ ಬರುತ್ತಾರಂತೆ, ಈ ಸಲ ಮುಳ್ಳಯ್ಯನಗಿರಿಗೆ ಎರಡನೇ ಗೇರಿನಲ್ಲೇ ಹತ್ತಿಸುತ್ತೇನೆ. ಹಳೇ ಮೌಂಟಿಂಗ್ ಎಸೆದಿಲ್ಲ, ಡಿಕ್ಕಿಯಲ್ಲೇ ಇದೆ. ಮೊದಲ ಗ್ಯಾರೇಜಿನ ಮುಂದೆ ಹೋಗುವಾಗೆಲ್ಲ ನಿಲ್ಲಿಸಿ ತೋರಿಸೋಣವಾ ಅನ್ನಿಸುತ್ತದೆ, ಇನ್ನೂ ತೋರಿಸಿಲ್ಲ.